ಆಸ್ಟಮಿ ಮತ್ತು ದಿನನಿತ್ಯದ ಬದುಕು

ಆಸ್ಟಮಿ ಎಂದರೆ ಕರುಳಿನ ಅಥವಾ ಮೂತ್ರನಾಳದ ತುದಿಯನ್ನು ಶಸ್ತ್ರಕ್ರಿಯೆಯ ಮೂಲಕ ಹೊಟ್ಟೆಯ ಮೇಲ್ಮೈಗೆ ತಂದು, ಮಲ ಅಥವಾ ಮೂತ್ರ ಅಲ್ಲಿಂದಲೇ ಹೊರಬರುವಂತೆ ಮಾಡಿಕೊಡುವ ದಾರಿ. ಹೊರಗೆ ಕಾಣುವ ಕೆಂಪು ದ್ವಾರವನ್ನು ಸ್ಟೋಮಾ ಎನ್ನುತ್ತಾರೆ. ಅದರ ಮೇಲೆ ಅಂಟಿಸುವ ಸಂಗ್ರಹ ಚೀಲಕ್ಕೆ ಆಸ್ಪತ್ರೆಯ ವಾರ್ಡುಗಳಲ್ಲೂ ಮನೆಗಳಲ್ಲೂ ಚಾಲ್ತಿಯಲ್ಲಿರುವ ಮಾತು ‘ಬ್ಯಾಗ್’. ಗುದನಾಳದ ಕ್ಯಾನ್ಸರ್, ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಕಾಯಿಲೆ, ಮೂತ್ರಕೋಶದ ಕ್ಯಾನ್ಸರ್, ಅಪಘಾತದ ಗಾಯ, ಹುಟ್ಟಿನಿಂದಲೇ ಗುದದ್ವಾರ ರೂಪುಗೊಳ್ಳದಿರುವುದು ಇದಕ್ಕೆ ಮುಖ್ಯ ಕಾರಣಗಳು. ಭಾರತದಲ್ಲಿ ಇವುಗಳ ಜೊತೆಗೆ ಟೈಫಾಯ್ಡ್‌ನಿಂದ ಕರುಳು ತೂತಾಗುವುದು ಮತ್ತು ಕರುಳಿನ ಕ್ಷಯವೂ ಸೇರುತ್ತವೆ.

ಸ್ಟೋಮಾಕ್ಕೆ ಮುಚ್ಚಿ ತೆರೆಯುವ ಸ್ನಾಯು ಇಲ್ಲ. ಹಾಗಾಗಿ ಮಲ ಅಥವಾ ಗಾಳಿ ಯಾವಾಗ ಹೊರಬರಬೇಕೆಂಬುದು ವ್ಯಕ್ತಿಯ ಹಿಡಿತದಲ್ಲಿರುವುದಿಲ್ಲ. ಆಸ್ಟಮಿಯಾದವರು ಊಟ, ಉಡುಪು, ನಿದ್ದೆ, ಪ್ರಯಾಣಗಳಲ್ಲಿ ಮಾಡಿಕೊಳ್ಳುವ ಹೊಂದಾಣಿಕೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಇತಿಹಾಸ

ಇಂಥ ಶಸ್ತ್ರಕ್ರಿಯೆ ಸಾಧ್ಯ ಎಂದು 1710ರಲ್ಲಿ ಸೂಚಿಸಿದವನು ಫ್ರಾನ್ಸಿನ ಅಲೆಕ್ಸಿಸ್ ಲಿತ್ರೆ. ಗುದದ್ವಾರವಿಲ್ಲದೆ ಹುಟ್ಟಿ ತೀರಿಕೊಂಡ ಶಿಶುವೊಂದರ ಶವಪರೀಕ್ಷೆ ಮಾಡಿದಾಗ, ಕರುಳನ್ನು ಹೊಟ್ಟೆಯ ಗೋಡೆಗೆ ತಂದು ಹೊಲಿಯಬಹುದಿತ್ತೆಂದು ಅವನಿಗೆ ಹೊಳೆಯಿತು. 1776ರಲ್ಲಿ ರುವಾನ್ ನಗರದ ವೈದ್ಯ ಪಿಲೋರ್, ಗುದನಾಳದ ಗಡ್ಡೆಯಿಂದ ಮಲ ಕಟ್ಟಿಹೋಗಿದ್ದ ವೈನ್ ವ್ಯಾಪಾರಿಯೊಬ್ಬನಿಗೆ ಆ ಶಸ್ತ್ರಕ್ರಿಯೆಯನ್ನು ಮಾಡಿಯೇ ಬಿಟ್ಟ. ಸ್ಟೋಮಾ ಚೆನ್ನಾಗಿ ಕೆಲಸ ಮಾಡಿತು. ಆದರೆ ಕಟ್ಟಿದ ಕರುಳನ್ನು ಬಿಡಿಸಲೆಂದು ಮೊದಲೇ ಕುಡಿಸಿದ್ದ ಪಾದರಸ ಸಣ್ಣ ಕರುಳಿನಲ್ಲಿ ಉಳಿದುಕೊಂಡಿದ್ದರಿಂದ ರೋಗಿ 28 ದಿನಗಳಲ್ಲಿ ತೀರಿಕೊಂಡ. 1793ರಲ್ಲಿ ಬ್ರೆಸ್ಟ್ ಬಂದರಿನ ಡ್ಯುರೆ ಹಸುಗೂಸೊಂದಕ್ಕೆ ಕೊಲಾಸ್ಟಮಿ, ಅಂದರೆ ದೊಡ್ಡ ಕರುಳಿನ ಆಸ್ಟಮಿ, ಮಾಡಿದ. ಆ ಮಗು ಬೆಳೆದು 45 ವರ್ಷ ಬದುಕಿತು. ಅರಿವಳಿಕೆಯೂ ಕ್ರಿಮಿನಾಶಕವೂ ಇರದಿದ್ದ ಕಾಲದ ಸಂಗತಿಯಿದು.

1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್, ಕ್ಯಾನ್ಸರ್ ತಗುಲಿದ ಗುದನಾಳವನ್ನು ಪೂರ್ತಿ ತೆಗೆದು ಶಾಶ್ವತ ಕೊಲಾಸ್ಟಮಿ ಇಡುವ ವಿಧಾನವನ್ನು ಪ್ರಕಟಿಸಿದರು. 1950ರಲ್ಲಿ ಅಮೆರಿಕದ ಯೂಜೀನ್ ಬ್ರಿಕರ್, ಸಣ್ಣ ಕರುಳಿನ ತುಂಡೊಂದನ್ನೇ ಮೂತ್ರ ಹೊರಹೋಗುವ ಕೊಳವೆಯಾಗಿ ಬಳಸುವ ವಿಧಾನ ರೂಪಿಸಿದರು. 1952ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬ್ರಯನ್ ಬ್ರೂಕ್ ಮಾಡಿದ ಬದಲಾವಣೆ ನೋಡಲು ಚಿಕ್ಕದು, ಪರಿಣಾಮದಲ್ಲಿ ದೊಡ್ಡದು. ಹೊರತಂದ ಸಣ್ಣ ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದಂತೆ ಹೊರಮುಖವಾಗಿ ಮಡಚಿ ಅವರು ಹೊಲಿದರು. ಚರ್ಮದಿಂದ ಒಂದೆರಡು ಸೆಂಟಿಮೀಟರ್ ಮೇಲಕ್ಕೆದ್ದ ಆ ಮೊಗ್ಗಿನಿಂದ ದ್ರವ ನೇರ ಚೀಲಕ್ಕೆ ಬೀಳತೊಡಗಿತು. ಸುತ್ತಲಿನ ಚರ್ಮ ಕಿತ್ತುಹೋಗುವ ಯಾತನೆ ಬಹುಮಟ್ಟಿಗೆ ತಪ್ಪಿತು. ಇಂದಿಗೂ ಇಲಿಯಾಸ್ಟಮಿ, ಅಂದರೆ ಸಣ್ಣ ಕರುಳಿನ ಆಸ್ಟಮಿ, ಮಾಡುವುದು ಹೀಗೆಯೇ.

ಚೀಲದ ಚರಿತ್ರೆ ಬೇರೆಯದೇ. ಮೊದಮೊದಲು ಬಟ್ಟೆ, ಪಾಚಿ, ಲೋಹದ ಡಬ್ಬಿ, ಆಮೇಲೆ ರಬ್ಬರ್ ಚೀಲ ಬಳಕೆಯಲ್ಲಿದ್ದವು. ರಬ್ಬರ್ ಚೀಲವನ್ನು ತೊಳೆದು ಮತ್ತೆ ಮತ್ತೆ ಬಳಸಬೇಕಿತ್ತು, ವಾಸನೆಯಂತೂ ಹೋಗುತ್ತಿರಲಿಲ್ಲ. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್‌ಸೆನ್, ಆಸ್ಟಮಿಯಾದ ಮೇಲೆ ಹೊರಗೆ ಹೋಗಲು ಹೆದರುತ್ತಿದ್ದ ತಂಗಿ ಥೋರಾಳಿಗಾಗಿ, ಅಂಟಿಸಿ ಬಳಸಿ ಎಸೆಯಬಹುದಾದ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದರು. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿ-ಹ್ಯಾನ್ಸನ್ ಅದನ್ನು ತಯಾರಿಸಿದರು. 1957ರಲ್ಲಿ ಸ್ಥಾಪನೆಯಾದ ಕೊಲೊಪ್ಲಾಸ್ಟ್ ಕಂಪನಿಯ ಮೂಲ ಇದೇ.

ಅದೇ ಹೊತ್ತಿಗೆ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್, ಕೃತಕ ದಂತಪಂಕ್ತಿ ಅಂಟಿಸಲು ಬಳಸುತ್ತಿದ್ದ ಕರಾಯ ಗೋಂದು ಸ್ಟೋಮಾದ ಸುತ್ತಲಿನ ಚರ್ಮವನ್ನೂ ಕಾಪಾಡುತ್ತದೆಂದು ಕಂಡುಕೊಂಡರು. ಈ ಗೋಂದು ಭಾರತದ ಒಣ ಕಾಡುಗಳಲ್ಲಿ ಬೆಳೆಯುವ ಸ್ಟರ್ಕ್ಯೂಲಿಯ ಮರದ ಅಂಟು. ಅದರ ಪ್ರಮುಖ ಉತ್ಪಾದಕ ದೇಶ ಭಾರತವೇ. ನಂತರ ಪೆಕ್ಟಿನ್, ಜೆಲಟಿನ್ ಮುಂತಾದವುಗಳ ಮಿಶ್ರಣದ ಹೈಡ್ರೊಕೊಲಾಯ್ಡ್ ಬಿಲ್ಲೆಗಳು ಆ ಜಾಗಕ್ಕೆ ಬಂದವು. ಟರ್ನ್‌ಬುಲ್‌ರಿಂದ ಇಲಿಯಾಸ್ಟಮಿ ಮಾಡಿಸಿಕೊಂಡಿದ್ದ ನಾರ್ಮಾ ಗಿಲ್ ಎಂಬ ಗೃಹಿಣಿ 1958ರಲ್ಲಿ ಅದೇ ಆಸ್ಪತ್ರೆಯಲ್ಲಿ ಇತರ ರೋಗಿಗಳಿಗೆ ಚೀಲದ ಆರೈಕೆ ಕಲಿಸುವ ಕೆಲಸಕ್ಕೆ ಸೇರಿದರು. ಸ್ಟೋಮಾ ಚಿಕಿತ್ಸಕರೆಂಬ ವೃತ್ತಿ ಆರಂಭವಾದದ್ದು ಅವರಿಂದ.

ರಚನೆ ಮತ್ತು ವಿಧಗಳು

ಆರೋಗ್ಯಕರ ಸ್ಟೋಮಾ ಬಾಯಿಯ ಒಳಪದರದಂತೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ನೋವು ತಿಳಿಸುವ ನರಗಳು ಅದರಲ್ಲಿ ಇಲ್ಲದಿರುವುದರಿಂದ ಗಾಯವಾದರೂ ಗೊತ್ತಾಗದೆ ಹೋಗಬಹುದು. ಶಸ್ತ್ರಕ್ರಿಯೆಯಾದ ಹೊಸದರಲ್ಲಿ ಊದಿಕೊಂಡಿದ್ದು 6ರಿಂದ 8 ವಾರಗಳಲ್ಲಿ ಕುಗ್ಗಿ ತನ್ನ ನಿಜವಾದ ಗಾತ್ರಕ್ಕೆ ಬರುತ್ತದೆ.

ದೊಡ್ಡ ಕರುಳಿನಿಂದ ಮಾಡಿದ್ದು ಕೊಲಾಸ್ಟಮಿ. ಸಾಮಾನ್ಯವಾಗಿ ಇದು ಹೊಟ್ಟೆಯ ಎಡಗಡೆ ಇರುತ್ತದೆ. ನೀರಿನಂಶ ಹೀರಿಕೊಂಡಾದ ಮೇಲಿನ ಭಾಗವಾದ್ದರಿಂದ ಮಲ ಹೆಚ್ಚು ಕಡಿಮೆ ಎಂದಿನಂತೆ ಗಟ್ಟಿಯಾಗಿರುತ್ತದೆ. ಸಣ್ಣ ಕರುಳಿನ ಕೊನೆಯಿಂದ ಮಾಡಿದ್ದು ಇಲಿಯಾಸ್ಟಮಿ. ಇದು ಬಲಗಡೆ ಇರುವುದೇ ಹೆಚ್ಚು. ಇದರಿಂದ ಗಂಜಿಯಂಥ ದ್ರವ ದಿನವಿಡೀ ಬರುತ್ತಿರುತ್ತದೆ. ಆರಂಭದಲ್ಲಿ ದಿನಕ್ಕೆ ಒಂದು ಲೀಟರು ಮೀರಿದರೂ ಬರಬರುತ್ತ 500ರಿಂದ 800 ಮಿಲಿಲೀಟರಿಗೆ ನಿಲ್ಲುತ್ತದೆ. ಜೀರ್ಣರಸಗಳು ಸೇರಿರುವ ಈ ದ್ರವ ಚರ್ಮಕ್ಕೆ ತಾಗಿದರೆ ಕೆಲವೇ ಗಂಟೆಗಳಲ್ಲಿ ಉರಿ ಹುಟ್ಟಿಸುತ್ತದೆ. ಮೂತ್ರಕ್ಕಾಗಿ ಮಾಡಿದ್ದು ಯುರಾಸ್ಟಮಿ. ಇದರ ಚೀಲದ ತಳದಲ್ಲಿ ನಲ್ಲಿಯಂಥ ಬಿರಡೆ ಇದ್ದು, ರಾತ್ರಿ ಅದಕ್ಕೆ ಉದ್ದನೆಯ ಕೊಳವೆ ಸೇರಿಸಿ ಹಾಸಿಗೆಯ ಪಕ್ಕದ ದೊಡ್ಡ ಚೀಲಕ್ಕೆ ಜೋಡಿಸುತ್ತಾರೆ. ಮೂತ್ರದಲ್ಲಿ ಬಿಳಿ ಲೋಳೆ ಕಾಣುವುದು ಸಹಜ. ಕೊಳವೆಯಾಗಿರುವ ಕರುಳು ಲೋಳೆ ಸ್ರವಿಸುತ್ತಲೇ ಇರುತ್ತದೆ.

ತಾತ್ಕಾಲಿಕ, ಶಾಶ್ವತ ಎಂಬ ಭೇದವೂ ಇದೆ. ಕರುಳಿನ ಜೋಡಣೆ ಮಾಗುವವರೆಗೆ ಇಟ್ಟ ಸ್ಟೋಮಾವನ್ನು ಕೆಲವು ತಿಂಗಳ ಬಳಿಕ ಮುಚ್ಚಬಹುದು. ಕೀಮೊಥೆರಪಿ ನಡೆಯುತ್ತಿದ್ದರೆ ಅದು ಮುಗಿಯುವ ತನಕ ಕಾಯುವುದುಂಟು. ಪೋಪ್ ಎರಡನೇ ಜಾನ್ ಪಾಲ್ ಅವರಿಗೆ 1981ರಲ್ಲಿ ಗುಂಡೇಟು ಬಿದ್ದಾಗ ಮಾಡಿದ್ದು ತಾತ್ಕಾಲಿಕ ಕೊಲಾಸ್ಟಮಿ. ಗುದನಾಳವನ್ನೂ ಗುದದ್ವಾರವನ್ನೂ ತೆಗೆದಿದ್ದರೆ ಸ್ಟೋಮಾ ಶಾಶ್ವತ.

ಜಾಗದ ಆಯ್ಕೆ

ಮುಂದಿನ ಬದುಕು ಎಷ್ಟು ಸಲೀಸಾಗಿರುತ್ತದೆ ಎಂಬುದರಲ್ಲಿ ಬಹುಪಾಲು, ಶಸ್ತ್ರಕ್ರಿಯೆಗೆ ಮೊದಲು ಹೊಟ್ಟೆಯ ಮೇಲೆ ಪೆನ್ನಿನಿಂದ ಹಾಕುವ ಒಂದು ಗುರುತಿನಲ್ಲೇ ತೀರ್ಮಾನವಾಗುತ್ತದೆ. ಮಲಗಿಸಿ ಮಾತ್ರ ನೋಡಿ ಗುರುತು ಹಾಕಿದರೆ ಸಾಲದು. ಕೂತಾಗ, ನಿಂತಾಗ, ಬಗ್ಗಿದಾಗ ಹೊಟ್ಟೆಯಲ್ಲಿ ಮಡಿಕೆ ಎಲ್ಲಿ ಬೀಳುತ್ತದೆ ಎಂದು ನೋಡಬೇಕು. ಹೊಕ್ಕುಳ, ಹಳೆಯ ಗಾಯದ ಕಲೆ, ಸೊಂಟದ ಮೂಳೆ ಇವುಗಳಿಂದ ದೂರವಿರುವ, ರೋಗಿಯ ಕಣ್ಣಿಗೂ ಕೈಗೂ ಎಟುಕುವ ಸಮತಟ್ಟಾದ ಜಾಗ ಬೇಕು. ಸೀರೆ ಉಡುವವರಿಗೆ ಲಂಗದ ಲಾಡಿ ಬಿಗಿಯುವ ಗೆರೆ, ಪಂಚೆ ಉಡುವವರಿಗೆ ಗಂಟು ಬೀಳುವ ಕಡೆ, ಪ್ಯಾಂಟಿನವರಿಗೆ ಬೆಲ್ಟಿನ ಪಟ್ಟಿ ತಪ್ಪಬೇಕು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಉಣ್ಣುವವರನ್ನು, ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುವವರನ್ನು ಹಾಗೆಯೇ ಕೂರಿಸಿ ನೋಡುವುದು ಅವಶ್ಯ. ಮಡಿಕೆಯೊಳಗೆ ಸಿಕ್ಕ ಸ್ಟೋಮಾದ ಮೇಲೆ ಯಾವ ದುಬಾರಿ ಚೀಲವೂ ನೆಟ್ಟಗೆ ಕೂರುವುದಿಲ್ಲ. ತುರ್ತು ಶಸ್ತ್ರಕ್ರಿಯೆಗಳಲ್ಲಿ ಈ ಹಂತ ಬಿಟ್ಟುಹೋಗುವುದೇ ಹೆಚ್ಚು.

ಚೀಲ ಮತ್ತು ಚರ್ಮದ ಆರೈಕೆ

ಚೀಲಗಳಲ್ಲಿ ಎರಡು ಬಗೆ. ಅಂಟುಬಿಲ್ಲೆ ಮತ್ತು ಚೀಲ ಕೂಡಿಯೇ ಇರುವುದು ಒಂದು ತುಂಡಿನದು. ಬಿಲ್ಲೆಯನ್ನು ಚರ್ಮದ ಮೇಲೆ ಉಳಿಸಿ ಚೀಲವನ್ನಷ್ಟೇ ಕಳಚುವುದು ಎರಡು ತುಂಡಿನದು. ಬಿಲ್ಲೆಯನ್ನು ಫ್ಲ್ಯಾಂಜ್ ಎಂದು ಕರೆಯುತ್ತಾರೆ. ಕೆಳಗಿನಿಂದ ಬಿಚ್ಚಿ ಖಾಲಿ ಮಾಡುವ ಚೀಲ ಇಲಿಯಾಸ್ಟಮಿಗೆ ಬೇಕೇ ಬೇಕು. ಗಟ್ಟಿ ಮಲದ ಕೊಲಾಸ್ಟಮಿಗೆ ಮುಚ್ಚಿದ ಚೀಲವೂ ಸಾಕು. ಮೂರನೆಯ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡುವುದು ರೂಢಿ. ಹೆಚ್ಚು ತುಂಬಿದರೆ ಭಾರಕ್ಕೆ ಅಂಟು ಬಿಡುತ್ತದೆ.

ಬಿಲ್ಲೆ ಬದಲಿಸಲು ಒಳ್ಳೆಯ ಹೊತ್ತು ಬೆಳಗ್ಗೆ, ಹೊಟ್ಟೆಗೆ ಏನೂ ಬೀಳುವ ಮೊದಲು. ಆಗ ಕರುಳು ಶಾಂತವಾಗಿರುತ್ತದೆ. ಹಳೆಯ ಬಿಲ್ಲೆಯನ್ನು ಒಂದು ಕೈಯಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸುತ್ತ, ಇನ್ನೊಂದು ಕೈಯಿಂದ ಚರ್ಮವನ್ನು ಒತ್ತಿಹಿಡಿಯಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಡೆಟಾಲ್, ಸ್ಪಿರಿಟ್, ಕೊಬ್ಬರಿಎಣ್ಣೆ, ಕ್ರೀಮು ಇರುವ ಸೋಪು ಇವಾವೂ ಕೂಡದು. ಮೊದಲಿನವು ಚರ್ಮವನ್ನು ಸುಡುತ್ತವೆ, ಜಿಡ್ಡಿನವು ಅಂಟನ್ನು ಕೆಡಿಸುತ್ತವೆ. ಒರೆಸುವಾಗ ಬಟ್ಟೆಗೆ ಒಂದೆರಡು ಹನಿ ರಕ್ತ ಹತ್ತಿದರೆ ಗಾಬರಿ ಬೇಡ, ಅಲ್ಲಿನ ರಕ್ತನಾಳಗಳು ತೀರ ಮೇಲೆಯೇ ಇರುತ್ತವೆ. ಚರ್ಮವನ್ನು ಉಜ್ಜದೆ, ತಟ್ಟಿ ತಟ್ಟಿ ಪೂರ್ತಿ ಒಣಗಿಸಬೇಕು. ಆಮೇಲೆ ಅಳತೆಪಟ್ಟಿ ಇಟ್ಟು ನೋಡಿ, ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಬಿಲ್ಲೆಯಲ್ಲಿ ರಂಧ್ರ ಕತ್ತರಿಸಬೇಕು. ಅಂಟಿಸಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಮೇಲಿಟ್ಟುಕೊಂಡರೆ ಮೈಬಿಸಿಗೆ ಅಂಟು ಕಚ್ಚಿಕೊಳ್ಳುತ್ತದೆ. ಈ ರಂಧ್ರದ ಅಳತೆಯೇ ಎಲ್ಲಕ್ಕಿಂತ ಮುಖ್ಯ. ದೊಡ್ಡದಾದರೆ ಚರ್ಮ ತೆರೆದುಕೊಂಡು ಹುಣ್ಣಾಗುತ್ತದೆ. ಸ್ಟೋಮಾ ಕುಗ್ಗಿದ ಮೇಲೂ ಆಸ್ಪತ್ರೆಯಲ್ಲಿ ಮೊದಲ ದಿನ ಕೊಟ್ಟ ಅಳತೆಗೇ ಕತ್ತರಿಸುತ್ತಾ ಹೋಗುವವರು ಅನೇಕರು.

ಬಿಲ್ಲೆ ಸಾಮಾನ್ಯವಾಗಿ ಮೂರು ನಾಲ್ಕು ದಿನ ತಾಳುತ್ತದೆ. ಬೇಸಿಗೆಯ ಬೆವರಿಗೆ, ಬಿಸಿಲಿನ ಕೆಲಸಕ್ಕೆ ಇನ್ನೂ ಬೇಗ ಬಿಡುತ್ತದೆ. ಚೀಲಗಳನ್ನು ಬಿಸಿಲು ಬೀಳುವ ಕಡೆ ಇಟ್ಟರೆ ಅಂಟು ಕರಗುತ್ತದೆ. ಬಿಲ್ಲೆಯ ಕೆಳಗೆ ತುರಿಕೆಯೋ ಉರಿಯೋ ಕಂಡರೆ ಅದು ಸೋರಿಕೆಯ ಮೊದಲ ಸೂಚನೆ. ಮೇಲಿನಿಂದ ಟೇಪು ಹಾಕಿ ಮುಚ್ಚದೆ ಬಿಲ್ಲೆಯನ್ನು ತೆಗೆದು ನೋಡಬೇಕು.

ಎಡಗಡೆಯ ಕೊಲಾಸ್ಟಮಿಯಿರುವ ಕೆಲವರಿಗೆ ಇರಿಗೇಶನ್ ಎಂಬ ಇನ್ನೊಂದು ದಾರಿಯಿದೆ. ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ ನಿಗದಿತ ಹೊತ್ತಿನಲ್ಲಿ ಅರ್ಧದಿಂದ ಒಂದು ಲೀಟರು ಉಗುರುಬೆಚ್ಚಗಿನ ನೀರನ್ನು ಸ್ಟೋಮಾದ ಮೂಲಕ ಒಳಬಿಟ್ಟು ಕರುಳನ್ನು ಒಟ್ಟಿಗೇ ಖಾಲಿ ಮಾಡುವ ಕ್ರಮ ಇದು. ಅಭ್ಯಾಸವಾದರೆ ಉಳಿದ ಹೊತ್ತು ಚಿಕ್ಕ ಮುಚ್ಚಳವಷ್ಟೇ ಸಾಕಾಗುತ್ತದೆ. ತರಬೇತಿ ಪಡೆದವರ ಬಳಿ ಕಲಿತೇ ಇದನ್ನು ಮಾಡಬೇಕು. ಇಲಿಯಾಸ್ಟಮಿಗೆ ಇದು ಸಲ್ಲದು.

ಊಟ, ನೀರು, ಔಷಧ

ಆಸ್ಟಮಿಯಾದವರಿಗೆ ಜೀವನಪೂರ್ತಿ ಪಥ್ಯ ಎಂಬುದು ತಪ್ಪು ತಿಳಿವಳಿಕೆ. ಮೊದಲ ಕೆಲವು ವಾರ ನಾರು ಕಡಿಮೆ ಇರುವ ಮೆತ್ತನೆ ಊಟ. ಆಮೇಲೆ ಒಂದೊಂದೇ ಪದಾರ್ಥ ಸೇರಿಸುತ್ತಾ, ಯಾವುದು ಒಗ್ಗುತ್ತದೆಂದು ನೋಡಿಕೊಳ್ಳುತ್ತಾ ಮನೆಯವರ ಊಟಕ್ಕೇ ಮರಳಬಹುದು. ಕೊಲಾಸ್ಟಮಿಯವರಿಗೆ ಇದು ಸುಲಭ. ಇಲಿಯಾಸ್ಟಮಿಯವರು ಎಚ್ಚರದಿಂದಿರಬೇಕಾದದ್ದು ಜೀರ್ಣವಾಗದ ನಾರು ಸ್ಟೋಮಾದ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವುದರ ಬಗ್ಗೆ. ಹಸಿ ಕೊಬ್ಬರಿ ಚೂರು, ಮುಸುಕಿನ ಜೋಳ, ಅಣಬೆ, ಕಡಲೆಬೀಜ, ಒಣಹಣ್ಣು, ಕಿತ್ತಳೆ ತೊಳೆಯ ಸಿಪ್ಪೆ, ನುಗ್ಗೆಕಾಯಿಯ ನಾರು, ಸೀಬೆಬೀಜ ಈ ಪಟ್ಟಿಯಲ್ಲಿ ಬರುತ್ತವೆ. ಹಳೇ ಮೈಸೂರಿನ ಕಡೆ ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ವಾಡಿಕೆ. ಮುದ್ದೆ ಮೆತ್ತಗಿದ್ದರೂ ಅದರ ಜೊತೆ ಜಾರುವ ಸೊಪ್ಪಿನ ಎಳೆ, ಕಾಳಿನ ಸಿಪ್ಪೆ ಇಡಿಯಾಗಿಯೇ ಒಳಗಿಳಿಯುತ್ತವೆ. ಹಾಗಾಗಿ ಬಸ್ಸಾರಿನ ಪಲ್ಯವನ್ನು ಬೇರೆಯಾಗಿ, ಚೆನ್ನಾಗಿ ಅಗಿದು ತಿನ್ನುವುದು ಕ್ಷೇಮ.

ಅವರೆಕಾಳು, ಹುರುಳಿ, ಎಲೆಕೋಸು, ಮೂಲಂಗಿ, ಸೋಡಾ ಇವು ಗಾಳಿ ತುಂಬಿಸುತ್ತವೆ. ಮೊಟ್ಟೆ, ಮೀನು, ಬೆಳ್ಳುಳ್ಳಿ, ಈರುಳ್ಳಿ ವಾಸನೆ ಹೆಚ್ಚಿಸುತ್ತವೆ. ಮಲ ತೀರ ತೆಳುವಾದಾಗ ಅನ್ನ, ಬಾಳೆಹಣ್ಣು, ಸಬ್ಬಕ್ಕಿ ಅದನ್ನು ಗಟ್ಟಿ ಮಾಡುತ್ತವೆ. ಬೀಟ್‌ರೂಟ್ ತಿಂದ ದಿನ ಚೀಲದಲ್ಲಿ ಕಾಣುವ ಕೆಂಪು ರಕ್ತವಲ್ಲ. ಊಟ ಬಿಟ್ಟರೆ ಚೀಲ ಖಾಲಿಯಿರುತ್ತದೆಂದು ಪ್ರಯಾಣಕ್ಕೋ ಮದುವೆಗೋ ಮುಂಚೆ ಉಪವಾಸ ಮಾಡುವವರಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಗಾಳಿ ಇನ್ನೂ ಹೆಚ್ಚುತ್ತದೆ. ಏಕಾದಶಿಯಿರಲಿ ರಂಜಾನ್ ಇರಲಿ, ಇಲಿಯಾಸ್ಟಮಿಯವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು.

ಇಲಿಯಾಸ್ಟಮಿಯಲ್ಲಿ ನೀರಿನ ಜೊತೆಗೆ ಉಪ್ಪೂ ಹೋಗುತ್ತದೆ. ದ್ರವ ದಿನಕ್ಕೆ ಒಂದೂವರೆ ಲೀಟರು ಮೀರಿದಾಗ ಬಾಯಾರಿಕೆಗೆಂದು ಬರೀ ನೀರನ್ನೇ ಹೆಚ್ಚು ಕುಡಿದರೆ ಕರುಳು ಇನ್ನಷ್ಟು ಉಪ್ಪನ್ನು ಹೊರಹಾಕಿ ನಿರ್ಜಲತೆ ಉಲ್ಬಣಿಸುತ್ತದೆ. ಆಗ ಬೇಕಾದದ್ದು ಓಆರ್‌ಎಸ್. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನಲ್ಲಿರುವ ದ್ರಾವಣದಲ್ಲಿ ಒಂದು ಲೀಟರು ನೀರಿಗೆ 20 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಇರುತ್ತದೆ. ಕಾಲಿನ ಸೆಳೆತ, ತಲೆಸುತ್ತು, ಮೂತ್ರ ಕಡಿಮೆಯಾಗಿ ಗಾಢವಾಗುವುದು ನಿರ್ಜಲತೆಯ ಲಕ್ಷಣಗಳು. ಯುರಾಸ್ಟಮಿಯವರ ಲೆಕ್ಕ ಬೇರೆ. ಅವರು ಸೋಂಕು ತಡೆಯಲು ದಿನಕ್ಕೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಕುಡಿಯಬೇಕು.

ನಿಧಾನವಾಗಿ ಕರಗುವ ಮಾತ್ರೆಗಳು ಇಲಿಯಾಸ್ಟಮಿಯವರ ಚೀಲದಲ್ಲಿ ಇಡಿಯಾಗಿಯೇ ಕಾಣಿಸಿಕೊಳ್ಳುವುದುಂಟು. ಹಾಗಾದರೆ ಔಷಧ ಮೈಗೆ ಸೇರಿಲ್ಲವೆಂದೇ ತಿಳಿದು ವೈದ್ಯರಿಗೆ ಹೇಳಬೇಕು. ಭೇದಿ ಔಷಧ ಅವರಿಗೆ ಅಪಾಯಕಾರಿ. ಸಣ್ಣ ಕರುಳಿನ ಕೊನೆಯ ಭಾಗ ತೆಗೆದಿದ್ದರೆ ಬಿ12 ಜೀವಸತ್ವದ ಕೊರತೆ ಕಾಲಕ್ರಮೇಣ ತಲೆದೋರಬಹುದು.

ಉಡುಪು, ಸ್ನಾನ, ಪ್ರಯಾಣ, ಕೆಲಸ

ಚೀಲ ಹಾಕಿಕೊಂಡೂ ಸ್ನಾನ ಮಾಡಬಹುದು, ತೆಗೆದೂ ಮಾಡಬಹುದು. ಸ್ಟೋಮಾದ ಒಳಗೆ ನೀರು ಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಚಂಬಿನಿಂದ ಸುರಿದುಕೊಳ್ಳುವ ಬಿಸಿನೀರಿನ ಸ್ನಾನವೂ ಅಡ್ಡಿಯಿಲ್ಲ, ತೀರ ಬಿಸಿಯಿದ್ದರೆ ಮಾತ್ರ ಅಂಟು ಸಡಿಲವಾಗುತ್ತದೆ. ಗಾಯ ಮಾಗಿದ ಬಳಿಕ ಈಜಲೂಬಹುದು.

ಭಾರತದಲ್ಲಿ ನಿಜವಾದ ಕಷ್ಟ ಶೌಚಾಲಯದ್ದು. ಕಮೋಡಿದ್ದರೆ ಕೂತು ಕಾಲುಗಳ ನಡುವೆ ಚೀಲ ಬಿಚ್ಚಬಹುದು. ನೆಲಮಟ್ಟದ ಶೌಚಾಲಯದಲ್ಲಿ ಶಸ್ತ್ರಕ್ರಿಯೆಯಾದ ಹೊಸದರಲ್ಲಿ ಕುಕ್ಕರಗಾಲಲ್ಲಿ ಕೂರುವುದೇ ಆಗದು. ನಿಂತು ಬಿಚ್ಚಿದರೆ ಸಿಡಿಯುತ್ತದೆ. ಗುಂಡಿಗೆ ಮೊದಲೇ ಒಂದು ಚಂಬು ನೀರು ಸುರಿದು, ಚಿಕ್ಕ ಸ್ಟೂಲಿನ ಮೇಲೆ ಕೂತು ಖಾಲಿ ಮಾಡುವುದು ಅನೇಕರು ಕಂಡುಕೊಂಡ ಉಪಾಯ. ಬಸ್ ನಿಲ್ದಾಣಗಳಲ್ಲಿ ನೀರೂ ಚಿಲಕವೂ ಒಟ್ಟಿಗೆ ಸಿಗುವುದು ಖಾತರಿಯಿಲ್ಲವಾದ್ದರಿಂದ, ಹೊರಡುವ ಮುನ್ನ ಚೀಲ ಖಾಲಿ ಮಾಡಿ, ಕತ್ತರಿಸಿಟ್ಟ ಬಿಲ್ಲೆ, ಒಂದು ಬಾಟಲಿ ನೀರು, ಒರೆಸುವ ಬಟ್ಟೆ, ಕಟ್ಟಿ ಎಸೆಯಲು ಕವರುಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದು ಅನಿವಾರ್ಯ. ವಿಮಾನದಲ್ಲಿ ಕತ್ತರಿಗೆ ತಕರಾರು ಬರುವುದರಿಂದ ಬಿಲ್ಲೆಗಳನ್ನು ಮನೆಯಲ್ಲೇ ಕತ್ತರಿಸಿಕೊಳ್ಳಬೇಕು. ಸಾಮಾನನ್ನು ಕೈಯಲ್ಲೇ ಒಯ್ಯಬೇಕು.

ಕೂತು ಮಾಡುವ ಕೆಲಸಕ್ಕೆ 6ರಿಂದ 8 ವಾರಗಳಲ್ಲಿ ಮರಳುವವರು ಹೆಚ್ಚು. ಮೂಟೆ ಹೊರುವುದು, ಗುದ್ದಲಿ ಹಿಡಿಯುವುದು, ತುಂಬಿದ ಕೊಡ ಎತ್ತುವುದು ಮೊದಲ ಮೂರು ತಿಂಗಳು ಬೇಡ. ಆಮೇಲೂ ಹೊಟ್ಟೆಗೆ ಆಸರೆಪಟ್ಟಿ ಕಟ್ಟಿಕೊಂಡು ಮಾಡುವುದು ಲೇಸು. ಕೂಲಿಯನ್ನೇ ನಂಬಿದ ಮನೆಗಳಲ್ಲಿ ಈ ಸಲಹೆ ಪಾಲಿಸುವುದು ಎಷ್ಟು ಕಷ್ಟವೆಂಬುದು ಹೇಳದೆಯೂ ತಿಳಿಯುವಂಥದು. ಕ್ರೀಡೆಗೂ ಸ್ಟೋಮಾ ಪೂರ್ಣವಿರಾಮವಲ್ಲ. ಅಮೆರಿಕನ್ ಫುಟ್‌ಬಾಲ್ ಆಟಗಾರ ರೋಲ್ಫ್ ಬೆನಿರ್ಶ್ಕಿ 1979ರಲ್ಲಿ ಕೊಲೈಟಿಸ್‌ಗಾಗಿ ಶಸ್ತ್ರಕ್ರಿಯೆಗೊಳಗಾಗಿ ಇಲಿಯಾಸ್ಟಮಿಯೊಂದಿಗೆ 1980ರಲ್ಲೇ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡಕ್ಕೆ ಮರಳಿದರು.

ಮನಸ್ಸು, ದಾಂಪತ್ಯ, ಸಮಾಜ

ಮೊದಲ ಸಲ ಸ್ಟೋಮಾ ನೋಡಿದಾಗ ಆಘಾತ, ಅಸಹ್ಯ, ಸಿಟ್ಟು ಬರುವುದು ಸಾಮಾನ್ಯ. ವಾಸನೆಯ ಭಯದಿಂದ ಮನೆಯಲ್ಲೇ ಉಳಿಯುವುದು, ಬೇರೆ ತಟ್ಟೆ ಬೇರೆ ಹಾಸಿಗೆ ಮಾಡಿಕೊಳ್ಳುವುದೂ ಕಾಣಸಿಗುತ್ತದೆ. ಸರಿಯಾಗಿ ಅಂಟಿಸಿದ ಈಗಿನ ಚೀಲ ವಾಸನೆ ಬಿಡುವುದಿಲ್ಲ. ಗಾಳಿ ಹೊರಹೋಗುವ ಕಡೆ ಇದ್ದಿಲಿನ ಶೋಧಕವೂ ಇರುತ್ತದೆ. ಆಸ್ಟಮಿ ಅಂಟುಜಾಡ್ಯವಲ್ಲ. ಮಡಿ, ಪೂಜೆ, ನಮಾಜಿನ ಪ್ರಶ್ನೆ ಹಿರಿಯರನ್ನು ಬಹಳವಾಗಿ ಕಾಡುತ್ತದೆ. ದೇವಸ್ಥಾನಕ್ಕೋ ಮಸೀದಿಗೋ ಹೋಗಲು ವೈದ್ಯಕೀಯವಾಗಿ ಯಾವ ತಡೆಯೂ ಇಲ್ಲ.

ಗುದನಾಳದ ಅಥವಾ ಮೂತ್ರಕೋಶದ ಕ್ಯಾನ್ಸರ್ ಶಸ್ತ್ರಕ್ರಿಯೆಯಲ್ಲಿ ಸಮೀಪದ ನರಗಳಿಗೆ ಪೆಟ್ಟಾದರೆ ಗಂಡಸರಲ್ಲಿ ನಿಮಿರುವಿಕೆಯ ತೊಂದರೆ, ಹೆಂಗಸರಲ್ಲಿ ಶುಷ್ಕತೆ, ನೋವು ಉಂಟಾಗಬಹುದು. ಇದಕ್ಕೆ ಚಿಕಿತ್ಸೆಯಿದೆ. ಆದರೆ ರೋಗಿಯೂ ಕೇಳುವುದಿಲ್ಲ, ವೈದ್ಯರೂ ಹೇಳುವುದಿಲ್ಲ. ಸ್ಟೋಮಾ ಇದ್ದ ಮಾತ್ರಕ್ಕೆ ಗರ್ಭಧಾರಣೆಗೆ ತಡೆಯಿಲ್ಲ. ಹೊಟ್ಟೆ ಬೆಳೆದಂತೆ ಸ್ಟೋಮಾದ ಆಕಾರ ಬದಲಾಗುವುದರಿಂದ ಬಿಲ್ಲೆಯ ಅಳತೆಯನ್ನು ಆಗಾಗ ತಿದ್ದಿಕೊಳ್ಳಬೇಕಾಗುತ್ತದೆ. ಗುದನಾಳ ತೆಗೆದವರಿಗೂ ಕೆಲವೊಮ್ಮೆ ಮಲವಿಸರ್ಜನೆಗೆ ಹೋಗಬೇಕೆನಿಸುವುದುಂಟು. ಅದು ನರಗಳ ನೆನಪು, ಭ್ರಮೆಯಲ್ಲ.

ತೊಡಕುಗಳು

ಅತ್ಯಂತ ಸಾಮಾನ್ಯವಾದದ್ದು ಚರ್ಮದ ಹುಣ್ಣು. ವರ್ಷಗಳು ಕಳೆದಂತೆ ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಉಬ್ಬುವುದೂ ಅಪರೂಪವಲ್ಲ. ಕರುಳು ಹೊರಜಾರಿದರೆ ಮಲಗಿ ವಿಶ್ರಾಂತಿ ಪಡೆದು ಆಸ್ಪತ್ರೆಗೆ ಹೋಗಬೇಕು. ಊತ ಇಳಿಸಲು ವೈದ್ಯರು ಅದರ ಮೇಲೆ ಸಕ್ಕರೆ ಉದುರಿಸುವುದೂ ಉಂಟು. ಸಕ್ಕರೆ ನೀರನ್ನು ಎಳೆದುಕೊಳ್ಳುತ್ತದೆ. ಸ್ಟೋಮಾ ಕಪ್ಪು ಅಥವಾ ನೇರಳೆ ಬಣ್ಣಕ್ಕೆ ತಿರುಗುವುದು, ಇಲಿಯಾಸ್ಟಮಿಯಿಂದ ನಾಲ್ಕಾರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡುವುದು, ವಾಂತಿ, ನಿಲ್ಲದ ರಕ್ತಸ್ರಾವ ಇವು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ಇಂದಿನ ಸ್ಥಿತಿ

ಆಸ್ಟಮಿಯಾದವರೇ ಕಟ್ಟಿಕೊಂಡ ಸಂಘಗಳು 1950ರ ದಶಕದಿಂದ ಅಮೆರಿಕ, ಬ್ರಿಟನ್‌ಗಳಲ್ಲಿ ಬೆಳೆದವು. ಶಸ್ತ್ರಕ್ರಿಯೆಗೆ ಮುಂಚೆಯೇ ಅನುಭವಸ್ಥರೊಬ್ಬರು ರೋಗಿಯನ್ನು ಕಂಡು ಮಾತಾಡಿಸುವ ಪದ್ಧತಿ ಅವುಗಳ ಕೊಡುಗೆ. 1993ರಿಂದ ಮೂರು ವರ್ಷಕ್ಕೊಮ್ಮೆ ಅಕ್ಟೋಬರ್ ತಿಂಗಳ ಮೊದಲ ಶನಿವಾರ ವಿಶ್ವ ಆಸ್ಟಮಿ ದಿನ ಆಚರಿಸಲಾಗುತ್ತದೆ. ಭಾರತದಲ್ಲಿ ಮುಂಬಯಿಯ ಆಸ್ಟಮಿ ಅಸೋಸಿಯೇಶನ್ ಆಫ್ ಇಂಡಿಯಾ ಇಂಥ ಕೆಲಸ ಮಾಡುತ್ತಿದೆ. ಅದೇ ನಗರದ ಟಾಟಾ ಸ್ಮಾರಕ ಆಸ್ಪತ್ರೆ ನರ್ಸುಗಳಿಗೆ ಸ್ಟೋಮಾ ಆರೈಕೆಯ ತರಬೇತಿ ನೀಡಿದೆ.

ಇಂಗ್ಲೆಂಡಿನಲ್ಲಿ ಶಾಶ್ವತ ಸ್ಟೋಮಾ ಇರುವವರಿಗೆ ಔಷಧಚೀಟಿಯ ಶುಲ್ಕದಿಂದ ವಿನಾಯಿತಿಯಿದೆ. ಜಪಾನಿನಲ್ಲಿ ಶಾಶ್ವತ ಸ್ಟೋಮಾವನ್ನು ಅಂಗವೈಕಲ್ಯವೆಂದು ಪರಿಗಣಿಸಿ ಪ್ರಮಾಣಪತ್ರ ಕೊಡುತ್ತಾರೆ. ಅಲ್ಲಿನ ರೈಲು ನಿಲ್ದಾಣ, ಅಂಗಡಿ ಮಳಿಗೆಗಳ ಅನೇಕ ಶೌಚಾಲಯಗಳಲ್ಲಿ ಚೀಲ ಖಾಲಿ ಮಾಡಿ ತೊಳೆಯಲು ಸೊಂಟದೆತ್ತರದ ಪ್ರತ್ಯೇಕ ತೊಟ್ಟಿ, ಬಾಗಿಲ ಮೇಲೆ ಅದರ ಚಿಹ್ನೆ ಇರುತ್ತದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಸ್ಥಿತಿಗಳಲ್ಲಿ ಆಸ್ಟಮಿ ಇಲ್ಲ. ಶಸ್ತ್ರಕ್ರಿಯೆ ಒಂದು ಸಲದ ಖರ್ಚು, ಚೀಲ ತಿಂಗಳು ತಿಂಗಳಿನ ಖರ್ಚು. ನಾಲ್ಕು ದಿನಕ್ಕೊಂದರಂತೆ ತಿಂಗಳಿಗೆ ಏಳೆಂಟು ಬೇಕು. ಒಳ್ಳೆಯ ಚೀಲವೊಂದಕ್ಕೆ ನೂರಾರು ರೂಪಾಯಿ. ಕೊಳ್ಳಲಾಗದವರು ಪ್ಲಾಸ್ಟಿಕ್ ಕವರು, ಹಳೆಯ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಅವರ ಚರ್ಮ ಕಿತ್ತುಹೋಗಿರುತ್ತದೆ. ದೇಶದಲ್ಲೇ ತಯಾರಾದ ಅಗ್ಗದ ಚೀಲಗಳು ಈಗ ಸಿಗುತ್ತವೆ. ಆದರೆ ತಾಲ್ಲೂಕು ಊರುಗಳ ಔಷಧ ಅಂಗಡಿಗಳಲ್ಲಿ ಬೇಕಾದ ಅಳತೆಯದು ಸಿಗದೆ, ರೋಗಿಯ ಮನೆಯವರು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಿ ತರುವುದು ಅಥವಾ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದು ನಡೆದಿದೆ.